ಇಪ್ಪತ್ತೆಂಟು ಡಾಲರಿನ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮದುವೆಯ ಮಾತು ಸದ್ಯಕ್ಕೆ ಬೇಡ. ಮನೆಯ ಮಟ್ಟಿಗೆ ಈ ಗಾದೆ ಅರ್ಧ ಮಾತನ್ನಷ್ಟೇ ಹೇಳುತ್ತದೆ. ಕಟ್ಟಿ ನೋಡುವ ಮೊದಲು ಬರೆದು ನೋಡಬೇಕು. ಅದಕ್ಕೆ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು, ಅಳೆಯಲು ಒಂದು ಟೇಪು ಇದ್ದರೆ ಸಾಕು. ಏಳನೆಯ ತರಗತಿಯ ಗಣಿತ ಬಂದರೆ ಇನ್ನೂ ಒಳ್ಳೆಯದು.

ಬರೆದು ನೋಡದೆ ಕಟ್ಟಲು ಹೊರಟವರ ಮನೆಗಳನ್ನು ನಮ್ಮ ಊರುಗಳ ಅಂಚಿನಲ್ಲಿ ನೀವೆಲ್ಲ ಕಂಡಿದ್ದೀರಿ. ಗೋಡೆ ಲಿಂಟಲ್ ಮಟ್ಟಕ್ಕೆ ಬಂದು ನಿಂತಿರುತ್ತದೆ. ಪಿಲ್ಲರಿನ ಕಂಬಿಗಳು ತುಕ್ಕು ಹಿಡಿದು ಆಕಾಶ ನೋಡುತ್ತಿರುತ್ತವೆ. ಒಳಗೆ ಎಕ್ಕದ ಗಿಡ ಬೆಳೆದಿರುತ್ತದೆ. ಆ ಮನೆಯವರು ಸೋಮಾರಿಗಳಲ್ಲ, ದುಂದುಗಾರರೂ ಅಲ್ಲ. ಒಟ್ಟು ಹಣ ಕಡಿಮೆ ಬಿದ್ದದ್ದಕ್ಕಿಂತ, ಯಾವ ಹಂತದಲ್ಲಿ ಎಷ್ಟು ಬೇಕು ಎಂಬ ಅಂದಾಜು ಇಲ್ಲದ್ದರಿಂದಲೇ ಎಷ್ಟೋ ಮನೆಗಳು ಹೀಗೆ ಅರ್ಧಕ್ಕೆ ನಿಲ್ಲುತ್ತವೆ. ಅದರ ಬಿಸಿ ಮಕ್ಕಳಿಗೂ ತಟ್ಟುತ್ತದೆ. ಮುಂದಿನ ವರ್ಷದ ಕಾಲೇಜು ಫೀಜಿಗೆಂದು ಇಟ್ಟ ಹಣ ಜಲ್ಲಿ ಮರಳಿನ ಲಾರಿಗೆ ಹೋಗಿರುತ್ತದೆ.

ಆದ್ದರಿಂದ ಈ ವಾರ ಒಂದು ಪುಟ್ಟ ಮನೆಯ ಲೆಕ್ಕ. ಮನೆ ನಮ್ಮದಲ್ಲ, ಕಾಲವೂ ನಮ್ಮದಲ್ಲ. ಆದರೆ ಕಟ್ಟಿದವನೇ ಖರ್ಚಿನ ಚೀಟಿಯನ್ನು ಅರ್ಧ ಸೆಂಟಿನವರೆಗೂ ಬರೆದಿಟ್ಟಿರುವುದರಿಂದ ನಾವೆಲ್ಲರೂ ಅದನ್ನು ಬಿಡಿಸಿ ನೋಡಬಹುದು.

ಕೊಳದ ದಡದ ಒಂದೂವರೆ ಚದರ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕಾಂಕಾರ್ಡ್ ಎಂಬ ಊರು. ಅದರ ಹತ್ತಿರ ವಾಲ್ಡನ್ ಎಂಬ ಕೊಳ. 1845ರ ಮಾರ್ಚ್ ತಿಂಗಳ ಕೊನೆಯಲ್ಲಿ 27 ವರ್ಷದ ಯುವಕನೊಬ್ಬ ಕೊಡಲಿಯೊಂದನ್ನು ಎರವಲು ತೆಗೆದುಕೊಂಡು ಆ ಕೊಳದ ದಡದ ಕಾಡಿಗೆ ಹೋದ. ಅವನೇ ಹೆನ್ರಿ ಡೇವಿಡ್ ಥೋರೋ. ಮುಂದೆ ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿದ್ದಾಗ ಓದಿ ಮೆಚ್ಚಿದ ಲೇಖಕ. ಹಾರ್ವರ್ಡ್‌ನಲ್ಲಿ ಓದಿ 1837ರಲ್ಲಿ ಪದವಿ ಪಡೆದಿದ್ದ. ಮನೆಯಲ್ಲಿ ಪೆನ್ಸಿಲ್ ತಯಾರಿಸುವ ಕಸುಬು ಇತ್ತು. ಸ್ವಲ್ಪ ಕಾಲ ಅಣ್ಣನೊಡನೆ ಶಾಲೆಯನ್ನೂ ನಡೆಸಿದ್ದ.

ಅಲ್ಲಿ ಅವನು ಕಟ್ಟಿದ ಮನೆಯ ಅಳತೆ 10 ಅಡಿಗೆ 15 ಅಡಿ, ಕಂಬಗಳ ಎತ್ತರ 8 ಅಡಿ. ನಮ್ಮ ಮೇಸ್ತ್ರಿಗಳ ಭಾಷೆಯಲ್ಲಿ ಹೇಳುವುದಾದರೆ ಒಂದೂವರೆ ಚದರ. ಒಂದು ಬಾಗಿಲು, ಎರಡು ಪಕ್ಕಗಳಲ್ಲಿ ಒಂದೊಂದು ದೊಡ್ಡ ಕಿಟಕಿ, ಮೇಲೆ ಅಟ್ಟ, ಕೆಳಗೆ ನೆಲಮಾಳಿಗೆ, ಬಾಗಿಲ ಎದುರಿಗೆ ಇಟ್ಟಿಗೆಯ ಒಲೆಗೂಡು. ಮನೆಯಲ್ಲಿ ಅವನೊಬ್ಬನೇ. 1845ರ ಜುಲೈ 4ರಂದು ಒಳಗೆ ಹೋದ, 1847ರ ಸೆಪ್ಟೆಂಬರ್ 6ರಂದು ಬಿಟ್ಟುಬಂದ. 1854ರಲ್ಲಿ ಪ್ರಕಟವಾದ ‘ವಾಲ್ಡನ್’ ಪುಸ್ತಕದಲ್ಲಿ ಮನೆಯ ಖರ್ಚಿನ ಪಟ್ಟಿ ಇದೆ. ಅದರ ಬಾಬುಗಳು ಇವು, ಎಲ್ಲವೂ ಡಾಲರಿನಲ್ಲಿ:

ಹಲಗೆಗಳು – 8.03½
ಚಾವಣಿ ಮತ್ತು ಗೋಡೆಗೆ ಹೊದಿಸುವ, ಎರಡನೆಯ ದರ್ಜೆಯ ಮರದ ಚಕ್ಕೆಗಳು – 4.00
ರೀಪುಗಳು – 1.25
ಗಾಜು ಸಹಿತ ಎರಡು ಹಳೆಯ ಕಿಟಕಿಗಳು – 2.43
ಒಂದು ಸಾವಿರ ಹಳೆಯ ಇಟ್ಟಿಗೆ – 4.00
ಎರಡು ಪೀಪಾಯಿ ಸುಣ್ಣ – 2.40
ಗಾರೆಗೆ ಕಲಸುವ ಪ್ರಾಣಿಯ ಕೂದಲು – 0.31
ಒಲೆಗೂಡಿನ ಮೇಲಿನ ಕಬ್ಬಿಣದ ಪಟ್ಟಿ – 0.15
ಮೊಳೆಗಳು – 3.90
ಬಾಗಿಲ ಕೀಲು ಮತ್ತು ತಿರುಪುಗಳು – 0.14
ಚಿಲಕ – 0.10
ಸೀಮೆಸುಣ್ಣ – 0.01
ಸಾಗಣೆ – 1.40

ವಿದ್ಯಾರ್ಥಿಗಳು ಒಮ್ಮೆ ಕೂಡಿ ನೋಡಲಿ. 28 ಡಾಲರ್ 12½ ಸೆಂಟ್ ಬರಬೇಕು. ಅರ್ಧ ಸೆಂಟ್ ಎಲ್ಲಿಂದ ಬಂತು ಎನ್ನಬೇಡಿ. ಆಗ ಅಲ್ಲಿ ಅರ್ಧ ಸೆಂಟಿನ ನಾಣ್ಯವೇ ಚಲಾವಣೆಯಲ್ಲಿತ್ತು.

ಇಷ್ಟು ಹಣ ಆ ಕಾಲಕ್ಕೆ ದೊಡ್ಡದೋ ಸಣ್ಣದೋ? ರೂಪಾಯಿಗೆ ಪರಿವರ್ತಿಸಿದರೆ ಉತ್ತರ ಸಿಗುವುದಿಲ್ಲ. ಆ ಊರಿನ ಆ ಕಾಲದ ಬೇರೆ ಬೆಲೆಗಳ ಪಕ್ಕದಲ್ಲಿಟ್ಟು ನೋಡಬೇಕು. ಥೋರೋನೇ ಆ ಕೆಲಸ ಮಾಡಿದ್ದಾನೆ. ಕೂಲಿಯನ್ನು ದಿನಕ್ಕೆ ಒಂದು ಡಾಲರ್ ಎಂದು ಹಿಡಿದರೆ ಇದು 28 ದಿನದ ದುಡಿಮೆ. ಸುತ್ತಮುತ್ತ ಒಂದು ಸಾಧಾರಣ ಮನೆಗೆ ಸುಮಾರು 800 ಡಾಲರ್ ಆಗುತ್ತಿತ್ತು. ಸಂಸಾರದ ತೊಡಕಿಲ್ಲದ ಕೂಲಿಗಾರನಿಗೂ ಅಷ್ಟು ಕೂಡಿಹಾಕಲು ಹತ್ತರಿಂದ ಹದಿನೈದು ವರ್ಷ ಬೇಕೆಂಬುದು ಅವನ ಅಂದಾಜು. ಇನ್ನೊಂದು ಹೋಲಿಕೆ ನಮ್ಮ ಓದುಗರಿಗೆ ಹತ್ತಿರದ್ದು. ಹಾರ್ವರ್ಡ್‌ನಲ್ಲಿ ಓದುವ ಹುಡುಗ ಇದಕ್ಕಿಂತ ತುಸುವೇ ದೊಡ್ಡದಾದ ಕೋಣೆಗೆ ವರ್ಷಕ್ಕೆ 30 ಡಾಲರ್ ಬಾಡಿಗೆ ಕೊಡುತ್ತಿದ್ದ. ಹನ್ನೊಂದೂಕಾಲು ತಿಂಗಳ ಬಾಡಿಗೆಯಲ್ಲಿ ಥೋರೋನ ಇಡೀ ಮನೆ ಎದ್ದಿತ್ತು. ಮಗನನ್ನು ಧಾರವಾಡದಲ್ಲೋ ಬೆಂಗಳೂರಿನಲ್ಲೋ ಪಿ.ಜಿ.ಯಲ್ಲಿಟ್ಟು ಓದಿಸುತ್ತಿರುವ ತಂದೆತಾಯಿಗಳಿಗೆ ಈ ಮಾತಿನ ತೂಕವನ್ನು ನಾನು ವಿವರಿಸಬೇಕಿಲ್ಲ.

ಪಟ್ಟಿ ಕಲಿಸುವ ಪಾಠ

ಪಟ್ಟಿಯನ್ನು ಎರಡನೆಯ ಸಲ ಓದಿ. ಹಳೆಯ ಕಿಟಕಿ, ಹಳೆಯ ಇಟ್ಟಿಗೆ. ಹಲಗೆಗಳೂ ಬಹುಮಟ್ಟಿಗೆ ಹಳೆಯವೇ. ಫಿಚ್‌ಬರ್ಗ್ ರೈಲು ಮಾರ್ಗದಲ್ಲಿ ದುಡಿಯುತ್ತಿದ್ದ ಐರಿಷ್ ಕೂಲಿಗಾರನೊಬ್ಬನ ಗುಡಿಸಲನ್ನು 4 ಡಾಲರ್ 25 ಸೆಂಟಿಗೆ ಕೊಂಡು, ಬಿಚ್ಚಿ, ಮೊಳೆ ಕಿತ್ತು, ಹಲಗೆಗಳನ್ನು ಗಾಡಿಯಲ್ಲಿ ಕೊಳದ ದಡಕ್ಕೆ ಸಾಗಿಸಿ, ಹುಲ್ಲಿನ ಮೇಲೆ ಬಿಸಿಲಿಗೆ ಹರಡಿದ. ಬಿಸಿಲಿಗೇಕೆ? ತೇವದಿಂದ ಬಾಗಿದ ಹಲಗೆಯನ್ನು ಸರಿಯಾಗಿ ಒಣಗಿಸಿದರೆ ಬಾಗು ಕಡಿಮೆಯಾಗುತ್ತದೆ. ಮರದ ನಾರು ನೀರು ಹೀರಿ ಹಿಗ್ಗುತ್ತದೆ, ನೀರು ಬಿಟ್ಟು ಕುಗ್ಗುತ್ತದೆ. ನಮ್ಮ ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದೂ ಇದೇ ಕಾರಣಕ್ಕೆ.

ಸುಣ್ಣದ ಬಾಬು ನೋಡಿ. ಎರಡು ಪೀಪಾಯಿಗೆ 2.40 ಜಾಸ್ತಿಯಾಯಿತು ಎಂದು ಅವನೇ ಪಕ್ಕದಲ್ಲಿ ಗುರುತು ಹಾಕಿದ್ದಾನೆ. ಅದರ ಹಿಂದಿನ ಚಳಿಗಾಲದಲ್ಲಿ ಅವನು ಸಿಹಿನೀರಿನ ಚಿಪ್ಪುಗಳನ್ನು ಸುಟ್ಟು ಸ್ವಲ್ಪ ಸುಣ್ಣ ಮಾಡಿ ನೋಡಿದ್ದ. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವುದು ಹಳೆಯ ಕಸುಬು. ರಸಾಯನಶಾಸ್ತ್ರ ಎರಡೂ ಕಡೆ ಒಂದೇ. ಚಿಪ್ಪಿನ ಕ್ಯಾಲ್ಸಿಯಂ ಕಾರ್ಬೊನೇಟ್ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಬಿಟ್ಟು ಸುಟ್ಟಸುಣ್ಣವಾಗುತ್ತದೆ, ನೀರು ಹಾಕಿದರೆ ಅರಳುತ್ತದೆ, ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಹೀರಿ ಮತ್ತೆ ಗಟ್ಟಿಯಾಗುತ್ತದೆ. ಕೂದಲು ಕಲಸುವುದು ಗಾರೆ ಬಿರುಕು ಬಿಡದಿರಲಿ ಎಂದು. ನಮ್ಮಲ್ಲಿ ಗೋಡೆಯ ಮಣ್ಣಿಗೆ ಹುಲ್ಲು ತುಳಿಯುವ ಹಾಗೆ.

ಮೊಳೆಗಳ ಬಾಬು ಇನ್ನೂ ಸ್ವಾರಸ್ಯದ್ದು. 3 ಡಾಲರ್ 90 ಸೆಂಟ್ ಎಂದರೆ ಒಟ್ಟು ಖರ್ಚಿನ ಶೇ 14. ಒಂದು ಸಾವಿರ ಇಟ್ಟಿಗೆಗೂ ಮೊಳೆಗಳಿಗೂ ಬರೀ ಹತ್ತು ಸೆಂಟ್ ವ್ಯತ್ಯಾಸ! ಗುಡಿಸಲಿನಿಂದ ಕಿತ್ತ ಮೊಳೆಗಳಲ್ಲಿ ನೆಟ್ಟಗಿದ್ದವನ್ನು, ಥೋರೋ ಗಾಡಿ ಹೊಡೆದುಕೊಂಡು ಹೋದಾಗಲೆಲ್ಲ ನೆರೆಯವನೊಬ್ಬ ಜೇಬಿಗೆ ಇಳಿಸುತ್ತಿದ್ದನಂತೆ. ನಾವು ಮನೆಯ ಲೆಕ್ಕ ಹಾಕುವಾಗ ಇಟ್ಟಿಗೆ, ಸಿಮೆಂಟು, ಕಬ್ಬಿಣ, ಮರ ಎಂದು ದೊಡ್ಡ ಬಾಬುಗಳನ್ನಷ್ಟೇ ಬರೆಯುತ್ತೇವೆ. ಕಟ್ಟುತಂತಿ, ಮೊಳೆ, ಕೀಲು, ಚಿಲಕ, ಪೈಪಿನ ಜೋಡಣೆ, ಸ್ವಿಚ್ಚುಗಳು ‘ಚಿಲ್ಲರೆ’ ಎಂಬ ಒಂದೇ ಪದದಲ್ಲಿ ಅಡಗಿಬಿಡುತ್ತವೆ. ಒಂದು ಸೆಂಟಿನ ಸೀಮೆಸುಣ್ಣವನ್ನೂ ಬಿಡದೆ ಬರೆದವನಿಗೆ ಚಿಲ್ಲರೆ ಎಷ್ಟು ತೂಗುತ್ತದೆ ಎಂಬುದು ಗೊತ್ತಾಯಿತು.

ಪಟ್ಟಿಯಲ್ಲಿ ಇಲ್ಲದ ಸಾಲುಗಳು

ಈ ಪಟ್ಟಿಯನ್ನು ನಾನು ಒಂಬತ್ತನೆಯ ತರಗತಿಯವರಿಗೆ ಕೂಡುವ ಲೆಕ್ಕವಾಗಿ ಕೊಡುವುದುಂಟು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಕೂಡುವುದನ್ನು ಬಿಟ್ಟು, “ಸಾರ್, ಸೈಟಿಗೆ ಎಷ್ಟು ಕೊಟ್ಟ? ಕೂಲಿ ಎಲ್ಲಿ ಬರೆದಿದ್ದಾನೆ?” ಎಂದು ಕೇಳಿದ. ಅವನ ತಂದೆ ಗಾರೆ ಕೆಲಸದವರು. ತರಗತಿಯಲ್ಲಿ ಉಳಿದ ನಲವತ್ತು ಮಂದಿಗೆ ಹೊಳೆಯದ ಪ್ರಶ್ನೆ ಅವನಿಗೆ ಹೊಳೆದದ್ದು ಸಹಜವೇ.

ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ. ನೆಲ ಥೋರೋನದಲ್ಲ. ಅದು ಅವನ ಹಿರಿಯ ಸ್ನೇಹಿತ, ಆ ಕಾಲದ ದೊಡ್ಡ ಲೇಖಕ ರಾಲ್ಫ್ ವಾಲ್ಡೊ ಎಮರ್ಸನ್ 1844ರಲ್ಲಿ ಕೊಂಡಿದ್ದ ಜಮೀನು. ಕಂಬ, ತೊಲೆಗಳಿಗೆ ಬೇಕಾದ ಮರವನ್ನು ಥೋರೋ ಅಲ್ಲಿಯೇ ಕಡಿದ. ಕಲ್ಲು, ಮರಳು ಅಲ್ಲಿಯದೇ. ಕೊಡಲಿ ಎರವಲು. ಮನೆಯ ಚೌಕಟ್ಟನ್ನು ಎತ್ತಿ ನಿಲ್ಲಿಸುವ ದಿನ ಸ್ನೇಹಿತರು ಬಂದು ಕೈಕೊಟ್ಟರು. ಉಳಿದ ಕೂಲಿಯೆಲ್ಲ ತನ್ನದೇ. ಇದನ್ನು ಅವನು ಮುಚ್ಚಿಡಲಿಲ್ಲ. ಮರ, ಕಲ್ಲು, ಮರಳು ಲೆಕ್ಕದಲ್ಲಿ ಸೇರಿಲ್ಲ, ಕೆಲಸ ತಾನೇ ಮಾಡಿದ್ದು ಎಂದು ಪಟ್ಟಿಯ ಜೊತೆಗೇ ಹೇಳಿದ್ದಾನೆ. ಬಟ್ಟೆ ಒಗೆತ ಮತ್ತು ಹೊಲಿಗೆಯ ಬಾಬ್ತು ಬಹುಮಟ್ಟಿಗೆ ಹೊರಗಡೆ ನಡೆದಿದೆ, ಅದರ ಬಿಲ್ಲು ಇನ್ನೂ ಬಂದಿಲ್ಲ ಎಂದು ಬೇರೊಂದು ಕಡೆ ತಮಾಷೆಯಾಗಿ ಬರೆದಿದ್ದಾನೆ. ತಾಯಂದಿರು ಈ ಸಾಲನ್ನು ಓದಿ ನಕ್ಕರೆ ಆಶ್ಚರ್ಯವಿಲ್ಲ.

ಕೂಲಿಯನ್ನು ಸೇರಿಸಿದರೆ ಏನಾಗುತ್ತದೆ? ಎಷ್ಟು ದಿನ ದುಡಿದ ಎಂಬ ಲೆಕ್ಕ ಪಟ್ಟಿಯಲ್ಲಿಲ್ಲ. ಅರವತ್ತು ದಿನ ಎಂದು ಇಟ್ಟುಕೊಳ್ಳೋಣ. ಅವನದೇ ದರದಲ್ಲಿ 60 ಡಾಲರ್. ಸಾಮಾನಿಗೆ ಕೊಟ್ಟದ್ದರ ಎರಡು ಪಟ್ಟಿಗಿಂತ ಹೆಚ್ಚು! 28 ಡಾಲರಿನ ಮನೆ 88 ಡಾಲರಿನ ಮನೆಯಾಯಿತು, ಅದೂ ನೆಲವನ್ನು ಬಿಟ್ಟು.

ನಾನು ಇಂದು ಹೇಳಬೇಕೆಂದಿರುವುದು ಇದನ್ನೇ. ಮನೆಯ ಲೆಕ್ಕದಲ್ಲಿ ಕೈಯಿಂದ ಹೋದ ನಗದನ್ನು ಬರೆದರೆ ಸಾಲದು. ಪುಕ್ಕಟೆ ಬಂದದ್ದನ್ನೂ ಸ್ವಂತ ಮೈಮುರಿದು ಮಾಡಿದ್ದನ್ನೂ ಬರೆಯಬೇಕು. ಸೋದರಮಾವ ಕಳಿಸಿದ ಎರಡು ಟ್ರ್ಯಾಕ್ಟರ್ ಮಣ್ಣು, ಚಿಕ್ಕಪ್ಪನ ತೋಟದ ಮರ, ಅಪ್ಪ ಕೂಲಿಗೆ ಹೋಗದೆ ಮನೆಯ ಕೆಲಸಕ್ಕೆ ನಿಂತ ಇಪ್ಪತ್ತು ದಿನ, ಅಮ್ಮ ಮೂರು ತಿಂಗಳು ಹೊತ್ತ ನೀರು, ಎಲ್ಲಕ್ಕೂ ಒಂದು ಬೆಲೆ ಇದೆ. ಬರೆಯದಿದ್ದರೆ ‘ಅವರ ಮನೆ ಮೂರು ಲಕ್ಷದಲ್ಲಿ ಆಯಿತಂತೆ’ ಎಂಬ ಸುದ್ದಿ ಊರಲ್ಲಿ ಹಬ್ಬುತ್ತದೆ. ಮಾವನೂ ಇಲ್ಲದ, ತೋಟವೂ ಇಲ್ಲದ ಇನ್ನೊಬ್ಬರು ಅದೇ ಮೂರು ಲಕ್ಷವನ್ನು ನಂಬಿ ಪಾಯ ತೆಗೆಯುತ್ತಾರೆ. ಲಿಂಟಲ್ ಮಟ್ಟದಲ್ಲಿ ನಿಂತ ಮನೆ ಅವರದು.

ಆದ್ದರಿಂದ ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಎಳೆಯಿರಿ: ಹಣ ಕೊಟ್ಟದ್ದು, ಪುಕ್ಕಟೆ ಅಥವಾ ಎರವಲು ಬಂದದ್ದು, ಸ್ವಂತ ದುಡಿಮೆ. ಮೂರನ್ನೂ ಕೂಡಿದರೆ ಬರುವುದೇ ಮನೆಯ ನಿಜವಾದ ಬೆಲೆ.

ನಮ್ಮ ಒಂದೂವರೆ ಚದರದ ಲೆಕ್ಕ

ಅದೇ 10 ಅಡಿಗೆ 15 ಅಡಿಯ ಕೋಣೆಯನ್ನು ನಮ್ಮ ಊರಿನಲ್ಲಿ ಇಟ್ಟಿಗೆಯಿಂದ ಕಟ್ಟುವುದಾದರೆ? ಬೆಲೆಗಳು ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ಪ್ರಮಾಣ ಬದಲಾಗುವುದಿಲ್ಲ. ಆದ್ದರಿಂದ ಮೊದಲು ಪ್ರಮಾಣ, ಆಮೇಲೆ ಬೆಲೆ.

ಗೋಡೆಯ ದಪ್ಪ 9 ಅಂಗುಲ, ಎತ್ತರ 9 ಅಡಿ ಎನ್ನೋಣ. ಗೋಡೆಯ ನಡುಗೆರೆ ಹಿಡಿದು ಅಳೆದರೆ ಸುತ್ತಳತೆ 53 ಅಡಿ. ಎತ್ತರದಿಂದ ಗುಣಿಸಿದರೆ 477 ಚದರಡಿ. ಇದರಲ್ಲಿ 3 ಅಡಿಗೆ 7 ಅಡಿಯ ಒಂದು ಬಾಗಿಲು, 3 ಅಡಿಗೆ 4 ಅಡಿಯ ಎರಡು ಕಿಟಕಿ ಕಳೆದರೆ ಉಳಿದದ್ದು 432. ದಪ್ಪ ಮುಕ್ಕಾಲು ಅಡಿ, ಆದ್ದರಿಂದ 324 ಘನ ಅಡಿ ಗೋಡೆ. ಗಾರೆಯೂ ಸೇರಿ ಒಂದು ಇಟ್ಟಿಗೆ 9, 4½, 3 ಅಂಗುಲದಷ್ಟು ಜಾಗ ಹಿಡಿಯುತ್ತದೆ ಎಂದಿಟ್ಟುಕೊಂಡರೆ 4,608 ಇಟ್ಟಿಗೆ. ಒಡೆದು ಹೋಗುವುದಕ್ಕೆ ನೂರಕ್ಕೆ ಐದು ಸೇರಿಸಿ. ಸುಮಾರು 4,850 ಆಯಿತು. ಇನ್ನು ಅಂಗಡಿಯವರನ್ನು ಧೈರ್ಯವಾಗಿ ದರ ಕೇಳಬಹುದು.

ಕೋಣೆಯ ಆಕಾರವೂ ಹಣವೇ. 150 ಚದರಡಿಯನ್ನು 10ಕ್ಕೆ 15 ಮಾಡಿದರೆ ಒಳಸುತ್ತಳತೆ 50 ಅಡಿ, 6ಕ್ಕೆ 25 ಮಾಡಿದರೆ 62 ಅಡಿ. ಜಾಗ ಅಷ್ಟೇ, ಗೋಡೆ ಮಾತ್ರ 12 ಅಡಿ ಉದ್ದ, ಸಾವಿರಕ್ಕೂ ಹೆಚ್ಚು ಇಟ್ಟಿಗೆ ದಂಡ. ಒಂದೇ ಕ್ಷೇತ್ರಫಲದ ಆಯತಗಳಲ್ಲಿ ಚೌಕಕ್ಕೆ ಸುತ್ತಳತೆ ಕಡಿಮೆ ಎಂದು ಶಾಲೆಯಲ್ಲಿ ಕಲಿಸುವುದು ಇದಕ್ಕಾಗಿಯೇ.

ಕಟ್ಟುವ ಕ್ರಮದಲ್ಲೂ ಉಳಿತಾಯವಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಇಟ್ಟಿಗೆಗಳನ್ನು ಅಡ್ಡ ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟುವ ‘ರ‍್ಯಾಟ್ ಟ್ರ್ಯಾಪ್’ ಕಟ್ಟಣೆಯನ್ನು ಬಳಕೆಗೆ ತಂದರು. ಇದರಿಂದ ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತದೆ. ನಮ್ಮ ಕೋಣೆಗೆ ಸಾವಿರದ ನೂರಕ್ಕೂ ಹೆಚ್ಚು. ಒಳಗಿನ ಟೊಳ್ಳಿನ ಗಾಳಿ ಬಿಸಿಲಿನ ಕಾವನ್ನೂ ತಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡುವ ಇಟ್ಟಿಗೆಯನ್ನು ಅಭಿವೃದ್ಧಿಪಡಿಸಿದರು. ಸುಡುವ ಸೌದೆಯ ಖರ್ಚೇ ಇಲ್ಲ. ಆದರೆ ಮಣ್ಣು ಯೋಗ್ಯವೇ ಎಂದು ಪರೀಕ್ಷಿಸಬೇಕು, ಮೇಸ್ತ್ರಿಗೆ ಕ್ರಮ ಗೊತ್ತಿರಬೇಕು. ಗೊತ್ತಿಲ್ಲದ ಕೈಯಲ್ಲಿ ಉಳಿತಾಯವೇ ನಷ್ಟವಾದೀತು.

ಇನ್ನು ‘ಚದರಕ್ಕೆ ಎಷ್ಟು ಬೀಳುತ್ತದೆ?’ ಎಂಬ ಪ್ರಶ್ನೆ. ಪುಟ್ಟ ಮನೆಯ ವಿಷಯದಲ್ಲಿ ಈ ದರ ದಾರಿ ತಪ್ಪಿಸುತ್ತದೆ. ಮನೆ ಅರ್ಧವಾದರೆ ಖರ್ಚು ಅರ್ಧವಾಗುವುದಿಲ್ಲ. ಅಡುಗೆಯ ಕಟ್ಟೆ, ಶೌಚಾಲಯ, ನೀರಿನ ತೊಟ್ಟಿ, ಕರೆಂಟಿನ ಮೀಟರು ಸಣ್ಣ ಮನೆಗೂ ಬೇಕು, ದೊಡ್ಡ ಮನೆಗೂ ಬೇಕು. ಅವುಗಳನ್ನು ಬೇರೆಯಾಗಿಯೇ ಬರೆಯಿರಿ. ನಕ್ಷೆಯ ಮಂಜೂರಾತಿ ಶುಲ್ಕ, ಟ್ಯಾಂಕರ್ ನೀರು, ಸಿಮೆಂಟು ಇಡಲು ಶೆಡ್ಡು, ಕೆಲಸದವರ ಚಹಾ, ಕೊನೆಗೆ ಗೃಹಪ್ರವೇಶ. ಇವು ನಮ್ಮ ಸೀಮೆಸುಣ್ಣದ ಸಾಲುಗಳು. ಗೃಹಪ್ರವೇಶದ ಊಟಕ್ಕೆ ಸಾಲ ಮಾಡಿ ಕಿಟಕಿಗೆ ಗಾಜಿಲ್ಲದೆ ಒಳಗೆ ಹೋದವರಿದ್ದಾರೆ. ಎಲ್ಲ ಬರೆದು ಕೂಡಿದ ಮೇಲೆ ನೂರಕ್ಕೆ ಹತ್ತು ‘ಅನಿರೀಕ್ಷಿತ’ ಎಂದು ಸೇರಿಸಿ.

ಹಣ ಯಾವಾಗ ಬೇಕು?

ಥೋರೋ ಎಲ್ಲವನ್ನೂ ಒಂದೇ ಸಲ ಮುಗಿಸಲಿಲ್ಲ. ಮೇಲೆ ಚಾವಣಿ ಬಂದು ಸುತ್ತ ಹಲಗೆ ಹೊಡೆದಾದ ಕೂಡಲೇ ಒಳಗೆ ಹೋದ. ಹೊಗೆಗೂಡನ್ನು ಕಟ್ಟಿದ್ದು ಶರತ್ಕಾಲದಲ್ಲಿ. ಒಳಗಿನ ಗಾರೆ ಚಳಿ ಬಿಗಿಯುವ ಹೊತ್ತಿಗೆ. ಯಾವುದಿಲ್ಲದೆ ಬದುಕಬಹುದು, ಯಾವುದಿಲ್ಲದೆ ಆಗದು ಎಂಬುದನ್ನು ಋತುಮಾನ ನೋಡಿ ತೀರ್ಮಾನಿಸಿದ.

ನಮಗೂ ಇದು ಸಾಧ್ಯ, ಒಂದು ಹಂತವನ್ನು ಬಿಟ್ಟು. ಪಾಯ ಹಾಕಿ ಒಂದು ಮಳೆಗಾಲ ಬಿಡಬಹುದು. ಗೋಡೆಯನ್ನು ಸ್ವಲ್ಪ ಸ್ವಲ್ಪ ಏರಿಸಬಹುದು. ಹೊರಗಿನ ಗಾರೆ, ಬಣ್ಣ ಮುಂದಿನ ವರ್ಷಕ್ಕೆ ಇಡಬಹುದು. ತಾರಸಿ ಮಾತ್ರ ಕಂತಿನಲ್ಲಿ ಆಗುವ ಕೆಲಸವಲ್ಲ. ಕೆಲಸದವರು ಮೋಲ್ಡ್ ಹಾಕುವುದು ಎನ್ನುತ್ತಾರಲ್ಲ, ಆ ದಿನ ಸಿಮೆಂಟು, ಜಲ್ಲಿ, ಮರಳು, ಕಂಬಿ, ಸೆಂಟ್ರಿಂಗಿನ ಬಾಡಿಗೆ, ಹತ್ತಾರು ಆಳಿನ ಕೂಲಿ ಎಲ್ಲವೂ ಒಟ್ಟಿಗೆ ಬೇಕು. ನಮ್ಮ ಕೋಣೆಯ ತಾರಸಿಗೆ 4 ಅಂಗುಲ ದಪ್ಪ ಹಿಡಿದರೂ 63 ಘನ ಅಡಿ ಕಾಂಕ್ರೀಟು, ಹದಿನಾಲ್ಕು ಹದಿನೈದು ಚೀಲ ಸಿಮೆಂಟು. ನಿಜವಾದ ದಪ್ಪವನ್ನೂ ಕಂಬಿಯ ಅಳತೆಯನ್ನೂ ಇಂಜಿನಿಯರು ಹೇಳಬೇಕು. ಅಲ್ಲಿ ಊಹೆ ಬೇಡ. ಆದ್ದರಿಂದ ತಾರಸಿಯ ಹಣವನ್ನು ಮೊದಲೇ ಬೇರೆ ತೆಗೆದಿಟ್ಟು, ಆಮೇಲೆ ಪಾಯ ತೆಗೆಯುವುದು ಜಾಣತನ. ಅರ್ಧಕ್ಕೆ ನಿಂತರೆ ತೆರೆದ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಬೆಲೆ ಕಡಿಮೆ ಇದೆ ಎಂದು ಇಡೀ ಮನೆಯ ಸಿಮೆಂಟನ್ನು ಒಮ್ಮೆಲೇ ತಂದಿಡುವುದೂ ಲಾಭವಲ್ಲ. ಅದು ಗಾಳಿಯ ತೇವ ಹೀರಿ ಸತ್ವ ಕಳೆದುಕೊಳ್ಳುತ್ತದೆ. ಮೂರು ತಿಂಗಳು ದಾಟಿದ್ದನ್ನು ಪರೀಕ್ಷಿಸದೆ ಬಳಸಬಾರದು.

ಸರ್ಕಾರದ ವಸತಿ ಯೋಜನೆಗಳ ನೆರವು ಪಡೆಯುವವರು ಒಂದು ಮಾತು ನೆನಪಿಡಬೇಕು. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗವು ಮನೆಗೆ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 269 ಚದರಡಿ ಎಂದು ಗೊತ್ತುಮಾಡಿತು. ನೆರವಿನ ಹಣ ಕೆಲಸದ ಹಂತ ನೋಡಿ ಕಂತುಗಳಲ್ಲಿ ಬರುತ್ತದೆ. ಹಂತ ಮುಗಿಸಲು ಬೇಕಾದ ಹಣ ಮೊದಲು ನಮ್ಮ ಕೈಯಲ್ಲಿರಬೇಕು. ಆ ನಡುವಿನ ಹಣಕ್ಕಾಗಿಯೇ ಜನ ಕೈಸಾಲಕ್ಕೆ ಹೋಗುತ್ತಾರೆ.

ಸಾಲದ ಲೆಕ್ಕ

ಥೋರೋ ಸಾಲ ಮಾಡಲಿಲ್ಲ. ಮನೆ, ಬೇಸಾಯ, ಊಟ, ಬಟ್ಟೆ, ದೀಪದ ಎಣ್ಣೆ ಎಲ್ಲ ಸೇರಿ ಅವನ ಒಟ್ಟು ಖರ್ಚು 61 ಡಾಲರ್ 99¾ ಸೆಂಟ್. ಬೆಳೆ ಮಾರಿ 23.44, ಊರಿನಲ್ಲಿ ಭೂಮಾಪನ, ಬಡಗಿ ಕೆಲಸ, ಕೂಲಿ ಮಾಡಿ 13.34 ಗಳಿಸಿದ. ಉಳಿದ 25 ಡಾಲರ್ 21¾ ಸೆಂಟ್ ಅವನು ಹೊರಟಾಗ ಕೈಯಲ್ಲಿದ್ದ ಗಂಟಿನಷ್ಟೇ ಆಯಿತು. ಒಂಟಿ ಮನುಷ್ಯ, ನೆಲ ಸ್ನೇಹಿತನದು. ಹೆಂಡತಿ ಮಕ್ಕಳು, ವಯಸ್ಸಾದ ತಂದೆತಾಯಿ ಇರುವ ನಮಗೆ ಸಾಲವಿಲ್ಲದೆ ಮನೆ ಬಲು ಕಷ್ಟ. ಸಾಲ ಪಾಪವಲ್ಲ. ಲೆಕ್ಕವಿಲ್ಲದ ಸಾಲ ಅಪಾಯ.

ಒಂದು ಉದಾಹರಣೆ. 5 ಲಕ್ಷ ರೂಪಾಯಿ ಸಾಲ, ಬಡ್ಡಿ ವರ್ಷಕ್ಕೆ ಶೇ 9 ಎಂದು ಹಿಡಿಯೋಣ. 15 ವರ್ಷಕ್ಕೆ ತಿಂಗಳ ಕಂತು ಸುಮಾರು 5,071 ರೂಪಾಯಿ. ಕೊನೆಗೆ ಕಟ್ಟಿದ್ದು 9 ಲಕ್ಷ 13 ಸಾವಿರದ ಹತ್ತಿರ. 10 ವರ್ಷಕ್ಕಾದರೆ ಕಂತು ಸುಮಾರು 6,334 ರೂಪಾಯಿ, ಒಟ್ಟು 7 ಲಕ್ಷ 60 ಸಾವಿರ. ತಿಂಗಳಿಗೆ 1,263 ರೂಪಾಯಿ ಹೆಚ್ಚು ಕಟ್ಟಿದರೆ ಒಂದೂವರೆ ಲಕ್ಷ ಉಳಿಯುತ್ತದೆ. ಹಾಗೆಂದು ಕೈಲಾಗದ ಕಂತನ್ನು ಒಪ್ಪಿಕೊಳ್ಳುವುದೂ ತಪ್ಪು. ಹದಿನೈದು ವರ್ಷದ ಸಾಲದಲ್ಲಿ ಮೊದಲ ತಿಂಗಳ 5,071ರಲ್ಲಿ 3,750 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 1,321 ಮಾತ್ರ. ಆದ್ದರಿಂದ ಕೈಗೆ ಹೆಚ್ಚಿನ ಹಣ ಬಂದಾಗ ಮೊದಲ ವರ್ಷಗಳಲ್ಲೇ ಅಸಲಿಗೆ ಕಟ್ಟಿದರೆ ಲಾಭ ಹೆಚ್ಚು. ಕಟ್ಟಡ ಮುಗಿಯುವವರೆಗೆ ಬಾಡಿಗೆ ಮನೆಯ ಬಾಡಿಗೆಯೂ ಸಾಲದ ಬಡ್ಡಿಯೂ ಒಟ್ಟಿಗೆ ನಡೆಯುತ್ತವೆ ಎಂಬುದನ್ನೂ ಬರೆದುಕೊಳ್ಳಿ. ಕೆಲಸ ಆರು ತಿಂಗಳು ತಡವಾದರೆ ಆರು ತಿಂಗಳ ಬಾಡಿಗೆಯೂ ಮನೆಯ ಖರ್ಚೇ.

ಇನ್ನು ‘ನೂರಕ್ಕೆ ಮೂರು’ ಎಂಬ ಕೈಸಾಲ. ಕೇಳಲು ಸಣ್ಣದು. ಅದು ತಿಂಗಳಿಗೆ. ವರ್ಷಕ್ಕೆ ಶೇ 36 ಆಯಿತು. ಒಂದು ಲಕ್ಷಕ್ಕೆ ತಿಂಗಳಿಗೆ ಮೂರು ಸಾವಿರ ಬಡ್ಡಿ. 34 ತಿಂಗಳು ಕಟ್ಟುವಷ್ಟರಲ್ಲಿ ಬಡ್ಡಿಯೇ ಅಸಲನ್ನು ಮೀರುತ್ತದೆ, ಅಸಲು ಇದ್ದಲ್ಲೇ ಇರುತ್ತದೆ. ತಾರಸಿಯ ದಿನಕ್ಕೆ ಹಣ ಸಾಲದೆ ಅವಸರದಲ್ಲಿ ತರುವುದು ಇಂಥ ಸಾಲವನ್ನೇ. ಹಂತದ ಲೆಕ್ಕ ಮೊದಲೇ ಇದ್ದರೆ ಈ ಬಾಗಿಲು ತಟ್ಟಬೇಕಾಗುವುದಿಲ್ಲ.

ಮನೆಯವರೇ ಮಾಡುವ ಕೆಲಸ

ಸ್ವಂತ ಕೈಯಿಂದ ಕಟ್ಟುವುದೆಂದರೆ ಎಲ್ಲವನ್ನೂ ನಾವೇ ಮಾಡುವುದಲ್ಲ. ಮರಳು ಜರಡಿ ಹಿಡಿಯುವುದು, ಇಟ್ಟಿಗೆ ನೆನೆಸುವುದು, ಬಣ್ಣ ಬಳಿಯುವುದು ಮನೆಯವರು ಮಾಡಬಹುದು. ಎಲ್ಲಕ್ಕಿಂತ ಬೆಲೆಬಾಳುವುದು ಕಾಂಕ್ರೀಟಿಗೆ ನೀರು ಉಣಿಸುವ ಕೆಲಸ, ಅಂದರೆ ಕ್ಯೂರಿಂಗ್. ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರಿನೊಡನೆ ರಾಸಾಯನಿಕವಾಗಿ ಸೇರಿ ಗಟ್ಟಿಯಾಗುವುದು. ಸಾಧಾರಣ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಮೊದಲಾದವು ಬೆರೆತ ಸಿಮೆಂಟಾದರೆ ಕನಿಷ್ಠ 10 ದಿನ, ಬಿರುಬಿಸಿಲಿನಲ್ಲಿ ಎರಡು ವಾರ ತೇವ ಆರದಂತೆ ನೋಡಬೇಕು. ದಿನಗೂಲಿಯವರು ಹೋದ ಮೇಲೆ ಸಂಜೆ ನೀರು ಹಾಕುವವರು ಮನೆಯವರೇ. ಶಾಲೆಯಿಂದ ಬಂದ ಮಕ್ಕಳು ನೆಲದ ಮಟ್ಟದ ಗೋಡೆಗೆ ನೀರು ಹಾಕಲಿ. ಮೇಲೆ ಹತ್ತುವ ಕೆಲಸ ದೊಡ್ಡವರದು. ಕಂಬಿ ಕಟ್ಟುವುದು, ತಾರಸಿ, ವಿದ್ಯುತ್ತಿನ ವೈರಿಂಗ್ ಬಲ್ಲವರಿಗೇ ಬಿಡಬೇಕು. ಅಲ್ಲಿ ಉಳಿಸಿದ ಕೂಲಿ ಜೀವಕ್ಕೆ ಕುತ್ತು.

ಸ್ವಂತ ದುಡಿಮೆಯ ಅಂಕಣಕ್ಕೆ ಬೆಲೆ ಕಟ್ಟುವ ದಾರಿ ಸುಲಭ. ಆ ಕೆಲಸಕ್ಕೆ ಆಳು ಇಟ್ಟಿದ್ದರೆ ಎಷ್ಟು ಕೊಡಬೇಕಿತ್ತು, ಆ ದಿನ ನಾವು ನಮ್ಮ ಕಸುಬಿಗೆ ಹೋಗಿದ್ದರೆ ಎಷ್ಟು ಬರುತ್ತಿತ್ತು, ಎರಡನ್ನೂ ಬರೆಯಿರಿ. ಆಳಿನ ಕೂಲಿ 600, ನಮ್ಮ ಗಳಿಕೆ 900 ಎಂದಾದರೆ ಆ ದಿನ ಕಸುಬಿಗೆ ಹೋಗಿ ಆಳು ಇಡುವುದೇ ಲೇಸು. ನಮ್ಮ ಗಳಿಕೆ 400 ಆದರೆ, ಅಥವಾ ಅದು ರಜೆಯ ದಿನವಾದರೆ, ಸೊಂಟಕ್ಕೆ ಟವೆಲು ಕಟ್ಟಿ ಇಳಿಯಿರಿ.

ಥೋರೋ ಬಿಟ್ಟುಬಂದ ಮೇಲೆ ಆ ಮನೆಯನ್ನು ಎಮರ್ಸನ್ ಕೊಂಡರು. ಮುಂದೆ ಅದನ್ನು ಬೇರೊಂದು ಹೊಲಕ್ಕೆ ಸಾಗಿಸಿ ಕಾಳು ತುಂಬಲು ಬಳಸಿದರು. 1868ರಲ್ಲಿ ಬಿಚ್ಚಿಹಾಕಿದರು. ಮನೆ ಕಟ್ಟಿ ಸರಿಯಾಗಿ ನೂರು ವರ್ಷವಾದ 1945ರಲ್ಲಿ ರೋಲಂಡ್ ರಾಬಿನ್ಸ್ ಎಂಬವರು ಅಗೆದು ಹೊಗೆಗೂಡಿನ ಪಾಯವನ್ನು ಪತ್ತೆ ಮಾಡಿದರು. ಮರ ಹೋಯಿತು, ಹಲಗೆ ಹೋಯಿತು, ಖರ್ಚಿನ ಪಟ್ಟಿ ಉಳಿದಿದೆ.

ವಿದ್ಯಾರ್ಥಿ ಮಿತ್ರರಿಗೆ ಈ ವಾರದ ಕೆಲಸ. ನೀವು ಮಲಗುವ ಕೋಣೆಯನ್ನು ಟೇಪು ಹಿಡಿದು ಅಳೆಯಿರಿ. ಗೋಡೆಯ ಘನ ಅಡಿ, ಇಟ್ಟಿಗೆಯ ಸಂಖ್ಯೆ, ತಾರಸಿಯ ಕಾಂಕ್ರೀಟು ಲೆಕ್ಕ ಹಾಕಿ. ಆಮೇಲೆ ಮನೆಯ ಹಿರಿಯರ ಹತ್ತಿರ ಕುಳಿತು, ಈ ಕೋಣೆ ಕಟ್ಟುವಾಗ ಹಣ ಎಲ್ಲಿಂದ ಬಂತು, ಯಾರು ಏನನ್ನು ಪುಕ್ಕಟೆ ಕೊಟ್ಟರು, ಯಾರು ಎಷ್ಟು ದಿನ ದುಡಿದರು ಎಂದು ಕೇಳಿ ಮೂರು ಅಂಕಣಗಳಲ್ಲಿ ಬರೆಯಿರಿ. ಬಾಡಿಗೆ ಮನೆಯಾದರೆ ಇದುವರೆಗೆ ಕೊಟ್ಟ ಬಾಡಿಗೆಯನ್ನು ಕೂಡಿ ನೋಡಿ. ಪೋಷಕರಲ್ಲಿ ಒಂದು ಕೋರಿಕೆ: ಮುಂದೆ ಮನೆ ಕಟ್ಟುವ ಯೋಚನೆಯಿದ್ದರೆ ಲೆಕ್ಕದ ಪುಸ್ತಕವನ್ನು ಮಗಳ ಅಥವಾ ಮಗನ ಕೈಗೆ ಕೊಡಿ. ದಿನದ ಖರ್ಚನ್ನು ಅಂದಂದೇ ಸಂಜೆ ಬರೆಸಿ, ಮೊಳೆ ಚಿಲಕ ಸಹಿತ. ಸಾಲದ ಕಂತು ಎಷ್ಟು, ಯಾವ ವರ್ಷದವರೆಗೆ ಎಂಬುದನ್ನೂ ಅವರಿಂದಲೇ ಬರೆಸಿ. ಆ ಕಂತು ಮುಗಿಯುವ ಹೊತ್ತಿಗೆ ಅವರೇ ದುಡಿಯುವವರಾಗಿರುತ್ತಾರೆ.